ಗುಳಿಗಿ ಒಬ್ಬಾಕಿದು, ಸಕ್ರಿ ಎಲ್ಲಾರದು

ನಮ್ಮ ಓಣ್ಯಾಗಿನ ಒಬ್ಬಾಕಿ ಸೊಸಿಗಿ ಟಿಬಿ ಅಂತ ಗೊತ್ತಾಗೇತಿ. ಪಾಪ, ಗುಳಿಗಿ ಡಬ್ಬಿನ್ನ ಜ್ವಾಳದ ಚೀಲದ ಹಿಂದ ಮುಚ್ಚಿಟ್ಟು ನುಂಗಾಕತ್ತಾಳ. ಮನ್ನೆ ಮೆಲ್ಲಕ ನನ್ನ ಹಂತೇಕ ಬಂದು, "ಆಯಿ, ನಿಮಗೂ ಆಗಿತ್ತಂತಲ್ಲ, ಖರೇನ್ರಿ?" ಅಂದ್ಲು. "ಖರೇನ ಐತಿ. ಬದಕೀನಲ್ಲ, ನೋಡು, ಮಮ್ಮಕ್ಕಳಿಗಿ ಬೈಯ್ಯೂವಷ್ಟು ಬದಕೀನಿ" ಅಂದ್ನಿ. ಆಕಿ ನಕ್ಕೋತ ಅತ್ಲು. ಅವತ್ತ ಆಕಿಗಿ ಬಾಯಿಲೆ ಹೇಳಿದ್ದನ್ನ ಈಗ ಬರದಿಡ್ತೇನಿ. ನಾ ಏಳನೇತ್ತಾ ತನಕ ಸಾಲಿ ಕಲತಾಕಿ. ತಪ್ಪಿದ್ರ ನಗಬ್ಯಾಡ್ರಿ. ನಕ್ರೂ ನನಗ ಕೇಳಸಂಗಿಲ್ಲ, ಆಗಿನ ಸೂಜಿಯಿಂದ ಕಿವಿ ಮಂದ ಆಗ್ಯಾವ.

ಎಪ್ಪತ್ತರ ದಶಕದ ನಡುವಿನ ಮಾತಿದು. ವಿಜಯಪುರಕ್ಕ ಆಗ ಎಲ್ಲಾರೂ ಬಿಜಾಪುರ ಅಂತಿದ್ರು. ನನ್ನ ತವರು ಬಬಲೇಶ್ವರ, ಕೊಟ್ಟ ಮನಿ ತಿಕೋಟಾ. ಎರಡೂ ಕಡೆ ಒಕ್ಕಲುತನ. ಮಗಳು ಶಾಂತಾಗ ವರ್ಷ ತುಂಬಿ ನಾಕ ತಿಂಗಳಾಗಿತ್ತು, ಇನ್ನೂ ಮೊಲಿ ಬಿಟ್ಟಿರಲಿಲ್ಲ. ಆಗ ನನಗ ಕೆಮ್ಮು ಹತ್ತಿತು. ಮೊದಲ ಹೊಲದ ಧೂಳು ಅಂದ್ರು, ಆಮ್ಯಾಲ ಬಾಣಂತಿ ನಂಜು ಅಂದ್ರು. ಅಳಲೇಕಾಯಿ, ಜೇನತುಪ್ಪ, ಅರಿಷಿಣದ ಹಾಲು, ಎಲ್ಲಾ ಆತು. ಸಂಜಿಮುಂದ ಜ್ವರ ಬಂದು ಮೈ ನಡಗತಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯಾಕತ್ತಿದ್ನಿ, ಕೆಮ್ಮು ಒತ್ತಿ ಬಂತು, ಸೆರಗು ಬಾಯಿಗಿ ಹಿಡದ್ರ ಸೆರಗಿನಾಗ ರಗತ. ನಮ್ಮತ್ತಿ ನೋಡಿದ್ಲು. ಬಾಜೂಕ ಹಿಟ್ಟಿನಾಗ ಆಡಾಕತ್ತಿದ್ದ ಕೂಸಿನ್ನ ಎತಗೊಂಡು ಹೊರಗ ಹೋದ್ಲು.

ಅತ್ತಿನ್ನ ಈಗ ನಾ ಕೆಟ್ಟಾಕಿ ಅನ್ನಂಗಿಲ್ಲ. ಆಕಿ ತನ್ನ ಎರಡು ಮಕ್ಕಳನ್ನ ಇದ ಜಡ್ಡಿಗಿ ಕಳಕೊಂಡಾಕಿ. ಆದ್ರ ಆಗ ನನಗ ಇಪ್ಪತ್ತೊಂದು ವಯಸ್ಸು, ಆಕಿ ಮ್ಯಾಲ ಹಲ್ಲು ಕಡಿಯೂವಷ್ಟು ಸಿಟ್ಟು. ನಾಕ ದಿನದಾಗ ಬಬಲೇಶ್ವರಕ್ಕ ಹೇಳಿ ಕಳಿಸಿದ್ಲು, ನಮ್ಮವ್ವ ಓಡಿ ಬಂದ್ಲು. ಅತ್ತಿ ಬಾಗಲದಾಗ ನಿಂತು, "ನಿಮ್ಮ ಮಗಳ್ನ ಆರಾಮ ಮಾಡಿ ಕಳಸ್ರಿ ಬೀಗತಿ. ಅಲ್ಲೀತನಾ ಕೂಸು ನಮ್ಮಲ್ಲಿ ಇರ್ತೈತಿ" ಅಂದ್ಲು. ನಮ್ಮವರು, ಶಾಂತಾನ ಅಪ್ಪ, ಎತ್ತಿಗಿ ನೀರು ಕುಡಸೂ ನೆಪ ಮಾಡಿ ಹಿತ್ತಲದಾಗ ನಿಂತಿದ್ರು. ನಾ ಶಾಂತಾನ್ನ ಕೈ ಚಾಚಿ ಕರದ್ನಿ, ಅತ್ತಿ ಕೊಡಲಿಲ್ಲ. ಬಸ್ಸಿನಾಗ ಕುಂತ್ರ ಎದ್ಯಾಗ ಹಾಲು ಕಟ್ಟಿ ಕಲ್ಲಾಗಿತ್ತು. ಆ ನೋವು ಕೆಮ್ಮಿಗಿಂತಾ ದೊಡ್ಡದಿತ್ತು.

ಬಿಜಾಪುರದ ಗಾಂಧಿ ಚೌಕದಾಗ ನಮ್ಮ ಸ್ವಾದರಮಾವನ ಕಿರಾಣಿ ಅಂಗಡಿ ಇತ್ತು. ಆಂವನ ಹೇಳಿದ್ದು: "ಅಕ್ಕಾ, ಮಿಶನ್ ದವಾಖಾನಿಗಿ ಕರಕೊಂಡು ಹೋಗು. ಅಲ್ಲಿ ಒಬ್ರು ಪರದೇಶದ ನರ್ಸಬಾಯಿ ಅದಾರ, ಇದ ಜಡ್ಡಿನವರನ್ನ ನೋಡ್ತಾರ." ಅಂಗಡಿಗಿ ಬಂದಿದ್ದ ಒಬ್ಬ ಹಿರಿಯಾ, "ಏ, ಅಲ್ಲಿ ಹೋದ್ರ ಲಿಂಗ ತಗಸಿ ಕ್ರಿಸ್ತಾನರನ್ನ ಮಾಡ್ತಾರ" ಅಂದ. ನಮ್ಮವ್ವ ತಿರಗಿ ನೋಡಿ, "ಮೊದಲ ಬದಕಲಿ ಯಪ್ಪಾ. ಸತ್ತ ಮ್ಯಾಲ ಯಾ ಜಾತಿ?" ಅಂದ್ಲು. ಹಂಗ ಅಂದ್ರೂ ಒಳಗ ಅಂಜಿಕಿ ಇತ್ತು. ಸಿದ್ಧೇಶ್ವರ ಗುಡಿಗಿ ಹೋಗಿ ಕಾಯಿ ಒಡಿಸಿ, ನನ್ನ ಕೊರಳಾಗಿನ ಲಿಂಗದ ದಾರ ಎರಡು ಸಲ ಗಂಟು ಹಾಕಿ, ಆಮ್ಯಾಲ ಟಾಂಗಾ ಹತ್ತಿದ್ಲು.

ದವಾಖಾನಿ ಕಟ್ಟಿಮ್ಯಾಲ ಕಾಯೂದು ಅಂದ್ರ ಒಂದು ಜನ್ಮ. ಎಲ್ಲಾರ ಕೈಯ್ಯಾಗೂ ಒಂದು ಚೀಟಿ, ಎಲ್ಲಾರ ಮಾರಿಮ್ಯಾಲೂ ಒಂದ ಪ್ರಶ್ನಾ. ಯಾರೂ ಯಾರಿಗೂ "ನಿಮಗೇನಾಗೇತ್ರಿ" ಅಂತ ಕೇಳಂಗಿಲ್ಲ. ಒಬ್ರು ಕೆಮ್ಮಿದ್ರ ಉಳದವರು ನೆಲ ನೋಡ್ತಿದ್ರು. ಮಧ್ಯಾನ ಆದಮ್ಯಾಲ ನನ್ನ ಹೆಸರು ಕೂಗಿದ್ರು. ಎದಿ ಫೋಟೋ ತೆಗಿಯೂ ಮನಷ್ಯಾ, "ಕೊರಳಾಗಿಂದು ತಗೀರಿ, ಲಿಂಗದ ಬೆಳ್ಳಿ ಕರಡಗಿ ಫೋಟೋದಾಗ ಅಡ್ಡ ಬರ್ತೈತಿ" ಅಂದ. ಅಷ್ಟ ಸಾಕಾತು. ನಮ್ಮವ್ವ ಬಾಗಲದಿಂದನ, "ನೋಡು, ಸುರು ಆತು! ಏಳಬೇ ನೀಲವ್ವಾ, ನಡಿ ಮನಿಗಿ" ಅಂತ ಕೂಗಿದ್ಲು.

ಆಗ ಬಂದ್ರು ಆ ಪರದೇಶದ ನರ್ಸು, ಮಾರ್ಥಾ ಬಾಯಾರು. ಎತ್ತರದ ಹೆಂಗಸು, ಬಿಳಿ ಸೀರಿ, ಬಿಸಲಿಗಿ ಕೆಂಪಾದ ಮೂಗು, ಕಾಲಾಗ ಗಂಡಸರ ಚಪ್ಪಲ್. ಕನ್ನಡ ಮಾತಾಡಿದ್ರ ಬುಕ್ಕಿನ ಕನ್ನಡ, ಸಾಲ್ಯಾಗ ಮಾಸ್ತರರೂ ಹಂಗ ಮಾತಾಡತಿರಲಿಲ್ಲ. "ಅಮ್ಮಾ, ಯಾರೂ ಇದನ್ನು ತೆಗೆದುಕೊಳ್ಳುವುದಿಲ್ಲ. ಎದೆಯ ಮುಂದೆ ಇರಬಾರದು, ಅಷ್ಟೇ" ಅಂದ್ರು. ನನ್ನ ಕೈಲೆನ ದಾರ ಸಡ್ಲ ಮಾಡಿಸಿ ಕರಡಗಿನ್ನ ನನ್ನ ಅಂಗೈಯಾಗ ಇಡಸಿ, ಬೆರಳು ಮುಚ್ಚಿಸಿ, "ನೀನೇ ಹಿಡಿದುಕೋ. ನಾನು ಮುಟ್ಟುವುದಿಲ್ಲ" ಅಂದ್ರು. ಫೋಟೋ ಮಶಿನ್ನಿನ ತಣ್ಣನ ಹಲಗಿಗಿ ಎದಿ ಹಚ್ಚಿ, ಮುಷ್ಟಿಯಾಗ ಲಿಂಗ ಹಿಡದು ಉಸರ ಕಟ್ಟಿ ನಿಂತ್ನಿ. ನಮ್ಮವ್ವ ಮರಳಿ ಕಟ್ಟಿಮ್ಯಾಲ ಕುಂತ್ಲು.

ಎಡಗಡೆ ಫುಪ್ಪಸದಾಗ ಗಾಯ ಐತಿ ಅಂದ್ರು. ಹೆಣಮಕ್ಕಳ ವಾರ್ಡಿನಾಗ ಕೊನಿ ಮಂಚ ನಂದು. ದಿನಾ ಒಂದು ಸೂಜಿ, ಒಂದ ವಾರದಾಗ ಕುಂಡ್ರಾಕ ಜಾಗಾ ಇಲ್ಲದಂಗಾತು. ಕಿವ್ಯಾಗ ಗುಂಯ್ ಅಂತ ಸಪ್ಪಳ. ಮುಂಜಾನೆ ಸಂಜಿ ಗುಳಿಗಿ. ಮಾರ್ಥಾ ಬಾಯಾರು ಪ್ರತಿ ಮುಂಜಾನೆ ವಾರ್ಡಿನ ನಡುವ ನಿಂತು ಒಂದು ಪದ ಹಾಡಿ, ತಮ್ಮ ಯೇಸಪ್ಪನ ಕತಿ ಒಂದು ಹೇಳತಿದ್ರು. ದನಿ ಮಾತ್ರ ದೇವರ ಕೊಟ್ಟಿರಲಿಲ್ಲ. ನಮ್ಮವ್ವ ಮೊದಲ ದಿನಗಳಾಗ ಕಿವ್ಯಾಗ ಬಟ್ಟು ಇಟಗೊಂಡು ಕುಂಡ್ರತಿದ್ಲು. ಎರಡನೇ ವಾರಕ್ಕ ಬಟ್ಟು ಸಡ್ಲಾದ್ವು, ಮೂರನೇ ವಾರಕ್ಕ "ಮುಂದೇನಾತ್ರಿ ಆ ಕುಡ್ಡಂದು?" ಅಂತ ತಾನ ಕೇಳಾಕತ್ತಿದ್ಲು.

ಈಗ ನನ್ನ ಶ್ಯಾಣ್ಯಾತನದ ಕತಿ ಹೇಳ್ತೇನಿ, ಕೇಳ್ರಿ. ನಮ್ಮ ಮನ್ಯಾಗ ಲಿಂಗಕ್ಕ ತೋರಿಸದ ಒಂದು ತುತ್ತೂ ಬಾಯಾಗ ಇಡಂಗಿಲ್ಲ. ನೀರೂ ಹಂಗ, ಹಣ್ಣೂ ಹಂಗ. ಹಂಗಂದಮ್ಯಾಲ ಗುಳಿಗಿ ಹ್ಯಾಂಗ ಬಿಡೂದು? ಬಾಯಾರು ಗುಳಿಗಿ ಕೊಟ್ಟು ಮುಂದಿನ ಮಂಚಕ್ಕ ಹೋದಕೂಡ್ಲೆ, ಕರಡಗಿ ತಗದು ಲಿಂಗಕ್ಕ ಗುಳಿಗಿ ತೋರಿಸಿ, ಕಣ್ಣಿಗಿ ಒತಗೊಂಡು ನುಂಗಾಕ ಹೋದ್ನಿ. ಮೊದಲ ದಿನಾನ ನಮ್ಮವ್ವ ಕೈ ಹಿಡದ್ಲು. "ಏ ಬೇ, ಪ್ರಸಾದ ಆತು ಅದು. ಪ್ರಸಾದ ಒಬ್ಬಾಕಿನ ತಿಂತಾರೇನು?" ಖರೇ ಅನ್ನಿಸ್ತು. ನಮ್ಮಲ್ಲಿ ಪ್ರಸಾದ ಅಂದ್ರ ಸಾಸಿವಿಯಷ್ಟಿದ್ರೂ ಹಂಚಬೇಕು. ಗುಳಿಗಿನ್ನ ಹಲ್ಲಿಲೆ ಕಡದು ಅರ್ಧಾ ನಾ, ಅರ್ಧಾ ನಮ್ಮವ್ವ. ಎರಡೂ ಹೊತ್ತು. ದಿನಾ ತಪ್ಪದ. ಇಬ್ಬರಿಗೂ ಒಂದು ನಮೂನಿ ಸಮಾಧಾನ.

ಎರಡು ತಿಂಗಳಾದ ಮ್ಯಾಲ ಕಫಾ ಪರೀಕ್ಷಾ ಮಾಡಿದ್ರು. ಹುಳಾ ಹಂಗ ಅದಾವ ಅಂದ್ರು. ಅದ ವಾರ ನಮ್ಮವರು ತಿಕೋಟಾದಿಂದ ಬಂದ್ರು. ಸಣ್ಣ ಮಕ್ಕಳನ್ನ ವಾರ್ಡಿಗಿ ಬಿಡತಿರಲಿಲ್ಲ, ಒಬ್ಬರ ಬಂದಿದ್ರು. ಮಾತು ಕಡಿಮಿ ಮನಷ್ಯಾ. ಅಂಗಿ ಕಿಸೆದಾಗಿಂದ ಎರಡು ಸಣ್ಣ ಬಳಿ ತಗದು ಮಂಚದಮ್ಯಾಲ ಇಟ್ರು. "ಶಾಂತಾಗ ಸಣ್ಣಾದ್ವು" ಅಂದ್ರು. ನಾ ಆ ಬಳಿ ನೋಡೂದು, ಅವರು ನೆಲಾ ನೋಡೂದು. ಕಡೀಕ ಅವರು, "ಅವ್ವ ಯುಗಾದಿ ತನಕ ನೋಡೂಣು ಅಂತಾಳ" ಅಂದ್ರು.

"ಆಮ್ಯಾಲ?" ಅಂದ್ನಿ.

ಅವರು ಟೊಪಗಿ ಹಾಕ್ಕೊಂಡು ಎದ್ರು. ಮಾತಾಡೂದೇನಿತ್ತು! ಅವರಿಗಿ ಇನ್ನೊಂದು ಕನ್ಯಾ ನೋಡಾಕತ್ತಾರ ಅಂತ ನಮ್ಮ ಸ್ವಾದರಮಾವನ ಕಿವಿಗಿ ಆಗಲೇ ಬಿದ್ದಿತ್ತು. ಯುಗಾದಿಗಿ ಇನ್ನ ಮೂರು ತಿಂಗಳಿತ್ತು. ನನಗ ಗಂಡ ಹೋದ ಅನ್ನೂ ಚಿಂತಿ ಅಷ್ಟಿರಲಿಲ್ಲ, ಖರೇ ಹೇಳ್ತೇನಿ. ನನ್ನ ಕೂಸು ಇನ್ನೊಬ್ಬಾಕಿಗಿ ಅವ್ವಾ ಅಂತಾಳಲ್ಲ ಅನ್ನೂದ ಕರಳಿಗಿ ಕೊಳ್ಳಿ ಇಟ್ಟಂಗ ಆಗಿತ್ತು. ಅದರಾಗ ಡಾಕ್ಟರು ಬಂದು, "ಈ ಔಷಧ ನಿನಗ ನಾಟವಲ್ದು. ದೊಡ್ಡ ಊರಿಗಿ ಕಳಸಿ ಫುಪ್ಪಸದ ತುಂಡು ತಗಸಬೇಕಾಗ್ತೈತಿ" ಅಂದ್ರು. ನಮ್ಮವ್ವ ಗ್ವಾಡಿಗಿ ಹಣಿ ಹಚ್ಚಿ ಅತ್ಲು.

ಮರದಿನ ಮುಂಜಾನೆ ಬಾಯಾರು ಗುಳಿಗಿ ಕೊಟ್ಟು ಹೋದವರು, ಏನೋ ಮರತು ತಿರಗಿ ಬಂದ್ರು. ನಾ ಗುಳಿಗಿ ಕಡದು ನಮ್ಮವ್ವನ ಕೈಯ್ಯಾಗ ಅರ್ಧಾ ಇಟ್ಟಿದ್ನಿ, ಆಕಿ ಕಣ್ಣಿಗಿ ಒತಗೊಂಡು ಬಾಯಾಗ ಹಾಕ್ಕೊಂಡಿದ್ಲು.

"ಇದೇನು ಮಾಡುತ್ತಿದ್ದೀರಿ?"

ನಮ್ಮವ್ವ ಏನೂ ಅಂಜಿಕಿಲ್ಲದ, "ಪ್ರಸಾದರಿ ಬಾಯಾರ" ಅಂದ್ಲು. ಅಷ್ಟಕ್ಕ ಬಿಡಲಿಲ್ಲ, ಅಂಗೈಗಿ ಹತ್ತಿದ್ದ ಪುಡಿ ತೋರಿಸಿ, "ಒಂದೀಟು ನೀವೂ ತಗೋರಿ" ಅಂದ್ಲು.

"ಎಷ್ಟು ದಿನದಿಂದ?"

"ಮೊದಲ ದಿನದಿಂದರಿ. ಒಂದು ಹೊತ್ತೂ ತಪ್ಪಿಸಿಲ್ರಿ" ಅಂತ ನಮ್ಮವ್ವ ಹೆಮ್ಮೀಲೆ ಹೇಳಿದ್ಲು.

ಬಾಯಾರ ಮಾರಿ ಅರಿಬಿಯಂಗ ಬಿಳಿಚಿತು, ಆಮ್ಯಾಲ ಕೆಂಪಾತು. "ಮೂರ್ಖಳೇ!" ಅಂತ ನನಗ ಒದರಿದ್ರು. "ನಿನಗೆ ನಿನ್ನ ಮಗು ಬೇಡವೋ? ಎರಡು ತಿಂಗಳು! ಎರಡು ತಿಂಗಳು ವ್ಯರ್ಥವಾಯಿತು!" ಅವರು ದಡದಡ ಹೊರಗ ಹೋದ್ರು. ನಾ ಚಾದರ ಮುಸುಕು ಹಾಕ್ಕೊಂಡು ಅತ್ನಿ. ನಮ್ಮವ್ವಗ ತಪ್ಪೇನು ಅಂತನೂ ತಿಳೀಲಿಲ್ಲ. "ಹಂಚಿದ್ದಕ್ಕ ಬೈತಾರಲ್ಲಬೇ" ಅಂದ್ಲು.

ಸ್ವಲ್ಪ ಹೊತ್ತಿಗಿ ಬಾಯಾರು ತಿರಗಿ ಬಂದ್ರು, ಕಣ್ಣು ಕೆಂಪಾಗಿದ್ವು. ಸೀದಾ ಬಂದು ನನ್ನ ಮಂಚದಮ್ಯಾಲನ ಕುಂತ್ರು. "ನೀಲವ್ವಾ, ನನ್ನನ್ನು ಕ್ಷಮಿಸು. ನಾನು ನಿನಗೆ ಗುಳಿಗೆ ಕೊಟ್ಟೆ, ನನ್ನ ದೇವರ ಕಥೆ ಹೇಳಿದೆ. ನಿನ್ನ ದೇವರ ವಿಷಯ ಒಂದು ದಿನವೂ ಕೇಳಲಿಲ್ಲ. ಈಗ ಹೇಳು" ಅಂದ್ರು. ನಮ್ಮ ಹೊಲದಾಗ, ಮನ್ಯಾಗ, ಗುಡ್ಯಾಗ ಯಾರೂ ನನಗ "ಕ್ಷಮಿಸು" ಅಂದಿರಲಿಲ್ಲ. ನಾ ಎದ್ದು ಕುಂತು, ತೊದಲಿಕೋತ, ಲಿಂಗಕ್ಕ ಯಾಕ ತೋರಸ್ತೇವಿ, ಪ್ರಸಾದ ಯಾಕ ಹಂಚ್ತೇವಿ, ನಡುವ ನಮ್ಮವ್ವನೂ ಬಾಯಿ ಹಾಕಿ, ಎಲ್ಲಾ ಹೇಳಿದ್ವಿ. ಬಾಯಾರು ಎಲ್ಲಾ ಕೇಳಿ, "ನಮ್ಮಲ್ಲಿಯೂ ರೊಟ್ಟಿ ಮುರಿದು ಹಂಚುತ್ತೇವೆ. ಒಬ್ಬರೇ ತಿನ್ನುವುದಿಲ್ಲ" ಅಂದ್ರು.

"ಅಯ್ಯ! ನಿಮ್ಮಲ್ಲೂ ಪ್ರಸಾದ ಐತೇನ್ರಿ?" ಅಂದ್ಲು ನಮ್ಮವ್ವ.

"ಇದೆ ಅಮ್ಮಾ."

"ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲ?" ಅಂತ ನಮ್ಮವ್ವನ ಅವರಿಗಿ ಗದರಿಸಿದ್ಲು. ಬಾಯಾರು ನಕ್ಕುಬಿಟ್ರು. ನಕ್ಕೋತನ ಅಡಗಿ ಮನಿಗಿ ಹೋಗಿ ಒಂದು ವಾಟಿ ಸಕ್ರಿ ತಂದು ನನ್ನ ತೊಡಿಮ್ಯಾಲ ಇಟ್ರು. "ಗುಳಿಗೆ ನಿನ್ನೊಬ್ಬಳದು. ಸಕ್ಕರೆಯನ್ನೂ ದೇವರಿಗೆ ತೋರಿಸು, ಅದನ್ನು ಎಲ್ಲರಿಗೂ ಹಂಚು. ಸರಿಯೋ?" ನಮ್ಮವ್ವ ಒಂದು ಗಳಿಗಿ ವಿಚಾರ ಮಾಡಿ, "ಆಗ್ಲಿ ತಗೋರಿ, ಲಿಂಗಪ್ಪ ಒಪ್ಪತಾನ" ಅಂದ್ಲು. ಆವತ್ತಿನಿಂದ ವಾರ್ಡಿನಾಗ ಎಲ್ಲಾ ಮಂಚಕ್ಕೂ ಒಂದೊಂದು ಚಿಟಿಕಿ ಸಕ್ರಿ. ಬಾಜೂ ಮಂಚದ ಮುಸಲರ ಬೀಬಿ, "ನೀಲವ್ವಾ, ಇವತ್ತ ನನ್ನ ಸಕ್ರಿ ಎಲ್ಲಿ?" ಅಂತ ಕೇಳಿ ಇಸಗೊಂತಿದ್ಲು. ನಮ್ಮವ್ವನ ಕಫಾನೂ ಪರೀಕ್ಷಾ ಮಾಡಿದ್ರು. ಏನೂ ಇರಲಿಲ್ಲ. ಇಲ್ಲದ ಟಿಬಿಗಿ ಎರಡು ತಿಂಗಳ ಔಷಧ ನುಂಗಿದಾಕಿ ಬಿಜಾಪುರ ಜಿಲ್ಲಾದಾಗ ನಮ್ಮವ್ವ ಒಬ್ಬಾಕಿನ ಇರಬೇಕು.

ದೊಡ್ಡ ಊರಿಗಿ ಕಳಸೂದು ತಡೀರಿ ಅಂತ ಬಾಯಾರು ಡಾಕ್ಟರಿಗಿ ಕೈ ಮುಗದು ಕೇಳಿದ್ರು. ಆಮ್ಯಾಲ ಮೂರು ತಿಂಗಳ ಅವರು ದಿನಾ ಎದುರಿಗಿ ಕುಂತು ನುಂಗಿಸಿದ್ರು. ಗುಳಿಗಿ ನುಂಗಿದಮ್ಯಾಲ ಐದು ಮಿನಿಟ ಮಾತು. ಅವರ ಕತಿಯೊಳಗ ಒಂದು ನನಗ ಇವತ್ತಿಗೂ ಎದಿಗಿ ಹತ್ತೈತಿ. ಮೈಯೆಲ್ಲಾ ಹುಣ್ಣಾಗಿ ಊರ ಹೊರಗಿದ್ದ ಒಬ್ಬಂವ ಯೇಸಪ್ಪನ ಮುಂದ ಬರ್ತಾನ. ಯೇಸಪ್ಪ ದೂರ ನಿಂತು ಮಂತ್ರ ಹಾಕಂಗಿಲ್ಲ. ಮೊದಲ ಮುಟ್ಟತಾನ, ಆಮ್ಯಾಲ ಆರಾಮ ಮಾಡ್ತಾನ. "ಮೊದಲ ಮುಟ್ಟಿದ್ನೇನ್ರಿ? ಜಡ್ಡು ಇರೂವಾಗನ?" ಅಂತ ನಾ ಎರಡು ಸಲ ಕೇಳಿದ್ನಿ. "ಹೌದು, ಇರುವಾಗಲೇ" ಅಂದ್ರು. ನಾಕೈದು ತಿಂಗಳಾಗಿತ್ತು, ನಮ್ಮವ್ವನ್ನ ಬಿಟ್ರ ಮನಿ ಮಂದಿ ಯಾರೂ ನನ್ನ ಮುಟ್ಟಿರಲಿಲ್ಲ. ಅಂಥಾ ದೇವರು ಇದ್ರ ಆಂವಗ ಕೈ ಮುಗಿಯಾಕ ನನಗೇನು ಅಡ್ಡಿ ಇತ್ತು!

ಯುಗಾದಿಗಿ ಎಂಟು ದಿನ ಇರೂವಾಗ ಕಫಾ ಸ್ವಚ್ಛ ಬಂತು. ಗುಳಿಗಿ ಇನ್ನೂ ವರ್ಷ ನುಂಗಬೇಕು, ಆದ್ರ ಮನಿಗಿ ಹೋಗಬಹುದು, ಕೂಸಿನ್ನ ಎತಗೋಬಹುದು ಅಂದ್ರು. ಆ ದಿನ ಮಾರ್ಥಾ ಬಾಯಾರು ನನ್ನ ಹೊರಗಿನ ಬೇವಿನ ಗಿಡದ ಬುಡಕ ಕರಕೊಂಡು ಹೋಗಿ ಕೇಳಿದ್ರು. "ನೀಲವ್ವಾ, ನಿನ್ನನ್ನು ಒಂದು ಮಾತು ಕೇಳಬೇಕೆಂದು ಬಹಳ ದಿನದಿಂದ ಆಸೆ. ನೀನು ಯೇಸುವನ್ನು ನಂಬಿ ನಮ್ಮ ಸಭೆಗೆ ಬರುವೆಯಾ?"

ಜೀವಾ ಉಳಿಸಿದಾಕಿ ಕೇಳಾಕತ್ತಾಳ. ಇಲ್ಲ ಅಂದ್ರ ಸಿಟ್ಟಾದ್ರ? ನಾಳೆ ಗುಳಿಗಿ ಕೊಡದ ಇದ್ರ? ಆದ್ರ ಸುಳ್ಳು ಹೇಳಾಕ ಬಾಯಿ ಬರಲಿಲ್ಲ. "ನಂಬತೇನ್ರಿ ಬಾಯಾರ. ಅಂವ ಖರೇ ದೇವರ ಅದಾನು. ಆದ್ರ ನಾ ಲಿಂಗ ಬಿಡಂಗಿಲ್ರಿ" ಅಂದ್ನಿ.

"ನನಗೆ ದುಃಖವಾಗುತ್ತದೆ. ಸುಳ್ಳು ಹೇಳಲಾರೆ" ಅಂದ್ರು. ಕಣ್ಣು ಒರಸಿಕೊಂಡ್ರು. ಆಮ್ಯಾಲ, "ತಿಕೋಟಕ್ಕೆ ಮೊದಲನೆಯ ಬಸ್ಸು ಎಷ್ಟು ಗಂಟೆಗೆ?" ಅಂತ ಕೇಳಿದ್ರು. "ಯಾಕ್ರಿ?" ಅಂದ್ನಿ. "ನೀನೊಬ್ಬಳೇ ಹೋದರೆ ನಿನ್ನ ಅತ್ತೆ ನಂಬುವಳೋ? ನಾನೂ ಬರುತ್ತೇನೆ" ಅಂದ್ರು. ಕ್ರಿಸ್ತಾನರ ಬಗ್ಗೆ ಯಾರರೆ ಹಗರ ಮಾತಾಡಿದ್ರ ನಾ ಇದೊಂದ ಮಾತು ಹೇಳ್ತೇನಿ. ಆಕಿ ಕೇಳಿದ್ದನ್ನ ನಾ ಕೊಡಲಿಲ್ಲ. ನಾ ಕೇಳದ ಇದ್ದದ್ದನ್ನ ಆಕಿ ಕೊಟ್ಲು.

ತಿಕೋಟಾದಾಗ ಬಸ್ಸು ಇಳದು ನಡದ್ರ ಊರಿಗೂರ ಬಾಗಲಿಗಿ ಬಂದು ನಿಂತಿತ್ತು. ಅತ್ತಿ ಕಟ್ಟಿಮ್ಯಾಲ ಜ್ವಾಳಾ ಹಸನ ಮಾಡಾಕತ್ತಿದ್ಲು. ಬಾಯಾರು ಎಲ್ಲಾ ಬಿಡಿಸಿ ಹೇಳಿದ್ರು, ಚೀಟಿ ತೋರಿಸಿದ್ರು. ಅತ್ತಿ, "ಕಾಗದಾ ನನಗೇನು ತಿಳೀತೈತ್ರಿ? ಎರಡು ಮಕ್ಕಳನ್ನ ಮಣ್ಣು ಮಾಡೀನಿ" ಅಂದ್ಲು. ಆದ್ರೂ ಬಂದವರಿಗಿ ಉಣಿಸದ ಕಳಸೂ ಮನಿ ಅಲ್ಲ ಅದು. ಬಾಯಾರಿಗಿ ಹೊಳಿಯೂ ಗಂಗಾಳ ಬಂತು, ನನಗ ದನದ ಕೊಟ್ಟಗಿ ಗ್ವಾಡಿ ಮಾಡದಾಗಿಂದ ಒಂದು ಅಲುಮಿನಿ ತಾಟು. ಜಡ್ಡು ಬಂದಾಗ ನನಗ ಬ್ಯಾರೆ ಇಟ್ಟಿದ್ದು ಅದು. ನಾ ತಲಿ ತಗ್ಗಿಸಿ ಒಂದು ತುತ್ತು ಉಂಡ್ನಿ.

ಬಾಯಾರು ತಮ್ಮ ಗಂಗಾಳ ಬಾಜೂಕ ಸರಿಸಿ ನನ್ನ ತಾಟಿಗಿ ಕೈ ಹಾಕಿದ್ರು. ನಾ ಕಡದಿಟ್ಟ ರೊಟ್ಟಿ ಮುರದು, ನನ್ನ ಪಲ್ಯಾಕ ಹಚ್ಚಿ ತಿಂದ್ರು. ನಾ ಕುಡದ ಚರಗೀಲೆ ನೀರು ಕುಡದ್ರು. ಬಾಯಿ ಒರಸಿಕೊಂಡು, "ಪಲ್ಯ ಬಹಳ ಖಾರ" ಅಂದ್ರು. ಎಂಜಲಾ ಅಂದ್ರ ನಮ್ಮಲ್ಲಿ ಏನು ಅಂತ ಎಲ್ಲಾರಿಗೂ ಗೊತ್ತಿತ್ತು. ಅತ್ತಿ ಜ್ವಾಳದ ಮೊರ ಹಿಡದ ಕೈ ಹಂಗ ಉಳೀತು. ಮೊರ ಕೆಳಗಿಟ್ಟು ಎದ್ದು ಒಳಗ ಹೋಗಿ, ಮಲಗಿದ್ದ ಶಾಂತಾನ್ನ ಎತಗೊಂಡು ಬಂದು ನನ್ನ ತೊಡಿಮ್ಯಾಲ ಹಾಕಿದ್ಲು.

ಕೂಸು ಕಣ್ಣು ಬಿಟ್ಟು ನನ್ನ ಮಾರಿ ನೋಡಿ ಕಿಟಾರನ ಕಿರಚಿತು. ಅಜ್ಜಿ ಸೆರಗು ಹಿಡದು ಬಿಡಲಿಲ್ಲ. ಬಾಯಾರು ಬಸ್ಸಿಗಿ ಹೋದ್ರು, ಒಂದೆರಡು ವರ್ಷಕ್ಕ ತಮ್ಮ ದೇಶಕ್ಕ ಹೋದ್ರು, ಮತ್ತ ಬರಲಿಲ್ಲ. ಅಲ್ಲೀತನಾ ಗುಳಿಗಿಗಿ ಹೋದಾಗೆಲ್ಲಾ ಅವರನ್ನ ನೋಡೀನಿ. ಆದ್ರ ಆವತ್ತ ಅವರು ತಿರಗಿ ನೋಡಿಕೋತ ಹೋದಾಗ, ಶಾಂತಾ ನನ್ನ ಹಂತೇಕ ಬಂದಿರಲಿಲ್ಲ. ಎರಡು ದಿನಾ ಹಂಗ ಕಳದ್ವು. ನಾ ಕರದ್ರ ಅಜ್ಜಿ ಹಿಂದ ಅಡಗೂದು.

ಮೂರನೇ ಮುಂಜಾನೆ ಅತ್ತಿ ಬುತ್ತಿ ಕಟಗೊಂಡು ತಲಿಮ್ಯಾಲ ಇಟಗೊಂಡ್ಲು. "ಎಲ್ಲಿಗ್ರಿ ಅತ್ತಿ?" ಅಂದ್ನಿ. "ಹೊಲಕ್ಕ. ನಾ ಮನ್ಯಾಗಿದ್ರ ಇದು ನಿನ್ನ ಹಂತೇಕ ಬರಂಗಿಲ್ಲ" ಅಂದ್ಲು. ನನ್ನ ಮಾರಿ ನೋಡಲಿಲ್ಲ, ಕೂಸಿನ ಮಾರಿನೂ ನೋಡಲಿಲ್ಲ, ಸೆರಗಿನಾಗ ಮೂಗು ಒರಸಿಕೋತ ಹೋದ್ಲು. ಶಾಂತಾ ಬಾಗಲದಾಗ ಕುಂತು ಅತ್ತು ಅತ್ತು ಸಾಕಾಗಿ ಸುಮ್ಮನಾದ್ಲು. ಬಿಸಲು ಏರಿತು. ನಾ ಒಲಿ ಮುಂದ ಕುಂತು ಹಾಲಿನಾಗ ರೊಟ್ಟಿ ಮುರದು ಕಲಿಸಿದ್ನಿ, ಕರೀಲಿಲ್ಲ. ಸ್ವಲ್ಪ ಹೊತ್ತಿಗಿ ಹಿಂದ ಸಣ್ಣ ಹೆಜ್ಜಿ ಸಪ್ಪಳ ಆತು. ಬಂದು ನನ್ನ ಮಣಕಾಲ ಹಿಡದು ನಿಂತು, "ಬುವ್ವಾ" ಅಂತು.

ಒಂದು ತುತ್ತು ಕೊಟ್ನಿ, ತಿಂತು. ಇನ್ನೊಂದಕ್ಕ ಬಾಯಿ ತಗೀತು. ನಾ ದೇವರನ್ನ ನೆನಸಿದ್ನಿ. ಯಾ ದೇವರನ್ನ ಅಂತ ಕೇಳಬ್ಯಾಡ್ರಿ, ಅವತ್ತ ಬಾಯಿಗಿ ಇಬ್ಬರ ಹೆಸರೂ ಬಂದ್ವು.